ಲ್ಯಾಟಿನ್ ಹೆಸರಿನ ಕೂಸು

೧೪ ಅಕ್ಟೋಬರ್ ೧೯೧೨

ದೊಡ್ಡಮ್ಮಾ,

ನೀನು ಹಿಟ್ಟಿಗೆ ರಕ್ತ ಕಲಸಿ ಸುಟ್ಟು ಕಟ್ಟಿಕೊಟ್ಟ ರೊಟ್ಟಿಯನ್ನು ಮನೆಯೊಡತಿಯ ಹಂದಿಗೆ ಹಾಕಿಬಿಟ್ಟೆ. ಬೈಯಬೇಡ. ಪೊಟ್ಟಣ ಬಿಚ್ಚಿ ಆ ಕಪ್ಪುಗೆಂಪು ಬಣ್ಣ ನೋಡಿದ್ದೇ ತಡ, ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ. ಹುಳಿಮೀನಿನ ಡಬ್ಬಿ ತೆರೆದ ಕೋಣೆಯಲ್ಲೇ ಉಂಡು ಮಲಗಿ ಬೆಳೆದವಳು, ಯಾವ ನಾತಕ್ಕೂ ಜಗ್ಗುವವಳಲ್ಲ ಎಂದು ಟೆರ್ನ್‌ಹೋಲ್ಮ್ ದ್ವೀಪದ ತುಂಬ ಜಂಬ ಕೊಚ್ಚಿಕೊಂಡಿದ್ದೆ. ಇಲ್ಲಿ ವೈದ್ಯಕೀಯ ಓದಲು ಬಂದ ಮೂರು ವಾರದಲ್ಲಿ ಎಲ್ಲ ಇಳಿಯಿತು.

ಹೆಣ ಕೊಯ್ಯುವ ಕೋಣೆಯ ವಾಸನೆ ಕೊಳೆತದ್ದಲ್ಲ. ಕೊಳೆತದ್ದಾಗಿದ್ದರೆ ಮೂಗು ಒಪ್ಪಿಕೊಳ್ಳುತ್ತಿತ್ತು. ಇದೊಂದು ಬಗೆಯ ಸಿಹಿ, ಕಣ್ಣು ಚುಚ್ಚುವ ಸಿಹಿ. ಕೂದಲಿಗೆ ಅಂಟುತ್ತದೆ, ಕೋಟಿಗೆ ಅಂಟುತ್ತದೆ, ಬೆಳಗಿನ ರೊಟ್ಟಿಯ ಬೆಣ್ಣೆಗೂ ಅಂಟುತ್ತದೆ. ಚರ್ಮದ ಕೆಳಗಿನ ಕೊಬ್ಬು ಹಳದಿ, ಹರಳು ಹರಳು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗುವುದಿಲ್ಲ. ನಮ್ಮ ಮೇಜಿಗೆ ಬಡವರ ಆಶ್ರಯದಿಂದ ಬಂದ ಮುದುಕನೊಬ್ಬ ಸಿಕ್ಕಿದ್ದಾನೆ. ಕೊಯ್ಯುವವರು ನಾಲ್ವರು ಗಂಡಸರು, ನಾನೊಬ್ಬಳು. ಮೊದಲ ದಿನ ಇವಾರ್ ಎಂಬುವನು, "ಏನಮ್ಮಾ, ಮೂರ್ಛೆ ಹೋಗೋದಿದ್ರೆ ಈ ಕಡೆ ಬೀಳು. ಮುದುಕನ ಮೇಲೆ ಬಿದ್ದೀಯ, ಪಾಪ ಅವನಿಗೆ ಹೆಂಗಸರ ಅಭ್ಯಾಸ ತಪ್ಪಿ ಎಷ್ಟು ಕಾಲ ಆಯ್ತೋ!" ಅಂದ. ಬೀಳಲಿಲ್ಲ. ಹಲ್ಲು ಕಚ್ಚಿ ನಿಂತೆ.

ಪ್ರೊಫೆಸರ್ ಹೆಡ್‌ಬೋಮ್ ಅವರದು ಒಂದೇ ಮಾತು: "ಹೆಸರು ಗೊತ್ತಿಲ್ಲದವರ ಕೈಗೆ ನಾನು ಚಾಕು ಕೊಡೋದಿಲ್ಲ." ಮುಂದು, ಹಿಂದು, ನಡುಗೆರೆಗೆ ಹತ್ತಿರ, ನಡುಗೆರೆಯಿಂದ ದೂರ, ಎಲ್ಲಕ್ಕೂ ಒಂದೊಂದು ಲ್ಯಾಟಿನ್ ಪದ. ಎಡಬಲ ಎಂದರೆ ನೋಡುವವರ ಎಡಬಲವಲ್ಲ, ಮಲಗಿದವರದು. ಮೊಣಕಾಲ ಕೆಳಗಿನ ಮೂಳೆಯ ಹೆಸರಿಗೆ ಅರ್ಥ ಕೊಳಲು ಅಂತೆ; ಕೊರಳಿನ ಪಕ್ಕದ್ದು ಪುಟ್ಟ ಬೀಗದಕೈ. ನಿಜ ಹೇಳಲಾ? ಈ ಹೆಸರುಗಳೇ ನನ್ನನ್ನು ಉಳಿಸಿದವು. ಹಳದಿ ಗಲೀಜಿನ ಮೇಲೆ ಒಂದು ಲ್ಯಾಟಿನ್ ಪದ ಇಟ್ಟರೆ ಸಾಬೂನು ಹಾಕಿ ತೊಳೆದ ಹಾಗಾಗುತ್ತದೆ. ಆದರೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ ಬಂದಾಗ ಗಂಡಸರೆಲ್ಲ ನನ್ನ ಕಡೆ ತಿರುಗಿ ಕಿಸಕ್ಕೆಂದರು. ನಮ್ಮ ನುಡಿಯಲ್ಲಿ ಅದು ನಾಚಿಕೆಮೂಳೆಯಲ್ಲವೆ. ಪುಸ್ತಕದಲ್ಲೂ ಹಾಗೇ ಅಚ್ಚಾಗಿದೆ.

ಅಮ್ಮನಿಗೆ ವಾಂತಿಯ ವಿಷಯ ಹೇಳಬೇಡ.

ನಿನ್ನ ಟೋರಾ


೩ ನವೆಂಬರ್ ೧೯೧೨

ಟೋರಾ ಮರೀ,

ಹಂದಿಗೆ ಹಾಕಿದೆಯಾ? ಹೋಗಲಿ, ಆ ಹಂದಿಯಾದರೂ ನನ್ನನ್ನು ಹರಸಲಿ.

ಹೇಸಿಗೆಗೆ ನಾನು ಕಂಡ ಮದ್ದು ಒಂದೇ, ಕೈಗೆ ಕೆಲಸ. ನಾನು ಸೂಲಗಿತ್ತಿಯಾದ ಮೊದಲ ವರ್ಷ ಹೆರಿಗೆಯಾದ ಮೇಲೆ ಬೀಳುವ ಕಸವನ್ನು ನೋಡಿ ವಾರಗಟ್ಟಲೆ ಮಾಂಸ ಮುಟ್ಟಿರಲಿಲ್ಲ. ಈಗ ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಕಾಫಿ ಕುಡಿಯುತ್ತೇನೆ. ಇನ್ನು ಆ ಮೂಳೆಯ ಮಾತು. ಇಪ್ಪತ್ತೆಂಟು ವರ್ಷದಿಂದ ಅದರ ಅಡಿಗೆ ಕೈಹಾಕಿ ಅರ್ಧ ದ್ವೀಪವನ್ನು ಈಚೆಗೆ ಎಳೆದಿದ್ದೇನೆ. ಒಮ್ಮೆಯೂ ಅದು ನಾಚಿದ್ದು ಕಾಣಲಿಲ್ಲ. ಹೆಸರಿಟ್ಟ ಮಹಾನುಭಾವನೂ ಅದರ ಅಡಿಯಿಂದಲೇ ತಲೆ ಹಾಕಿ ಬಂದವನಲ್ಲವೆ? ಮುಂದಿನ ಸಲ ನಕ್ಕವರಿಗೆ ಹಾಗೆಂದು ಕೇಳು.

ಮೊನ್ನೆ ಸತ್ತವರ ಹಬ್ಬ. ನಿನ್ನಮ್ಮ ಮಾಲಿನ್ ಎಂದಿನಂತೆ ಸ್ಪ್ರೂಸ್ ಮರದ ಹಸಿರು ಕೊಂಬೆ ಹೊತ್ತು ಮುದಿ ನಿಲ್ಸನ ಗೋರಿಗೆ ಹೋದಳು. ಹುಟ್ಟುವಾಗಲೇ ಸತ್ತ ಕೂಸಿಗೆ ತನ್ನದೇ ಪೆಟ್ಟಿಗೆ ಇರುವುದಿಲ್ಲ, ಆ ವಾರ ತೀರಿಕೊಂಡ ದೊಡ್ಡವರ ಕಾಲ ಬಳಿ ಇಡುತ್ತಾರೆ. ನಿನ್ನ ತಂಗಿಗೆ ನಿಲ್ಸ ಸಿಕ್ಕಿದ. ಹದಿನಾರು ವರ್ಷವಾಯಿತು, ನಿನ್ನಮ್ಮ ಈಗಲೂ ಕೊಂಬೆ ಹೊದಿಸಿ, "ನಿಲ್ಸಣ್ಣಾ, ಮಗುವನ್ನ ಒದ್ದುಬಿಟ್ಟೀಯ, ಸ್ವಲ್ಪ ಸರಿದು ಮಲಕ್ಕೋ" ಅನ್ನುತ್ತಾಳೆ.

ಹೆಡ್‌ಬೋಮ್ ದೊಡ್ಡ ಮನುಷ್ಯರು. ನಿನಗೆ ಜಾಗ ಕೊಡಿಸಲು ಅವರು ಬರೆದ ಕಾಗದ ಇಲ್ಲದಿದ್ದರೆ ಮೀನುಗಾರನ ಮಗಳನ್ನು ಅಲ್ಲಿ ಯಾರು ಸೇರಿಸುತ್ತಿದ್ದರು? ಅವರು ಹೇಳಿದ್ದು ಓದು. ಮಹಡಿಯ ಮೇಲಿನ ಸಂಗ್ರಹಾಲಯಕ್ಕೆಲ್ಲ ಹೋಗಿ ಹೊತ್ತು ಕಳೆಯಬೇಡ. ಮೊದಲ ವರ್ಷದವರಿಗೆ ಅಲ್ಲೇನೂ ಕೆಲಸವಿಲ್ಲ.

ದೊಡ್ಡಮ್ಮ ಎಲ್ಫ್ರಿಡಾ


೨೮ ನವೆಂಬರ್ ೧೯೧೨

ಶ್ರೀಮತಿ ಎಲ್ಫ್ರಿಡಾ ವೆಸ್ಟ್‌ಮನ್ ಅವರಿಗೆ,

ಮಹಡಿಯ ಮೇಲೆ ಹೋದೆ. ನೀವು ಬೇಡವೆಂದದ್ದಕ್ಕಲ್ಲ, ಪಾಠವೇ ಅಲ್ಲಿತ್ತು. ತಲೆಬುರುಡೆಯ ಮೂಳೆಗಳ ಹೆಸರು ಕಲಿಯಲು, ಬುರುಡೆ ಮೂಡದ ಕೂಸುಗಳ ಕಪಾಟಿನ ಮುಂದೆ ನಮ್ಮನ್ನು ಕೂರಿಸಿ ಚಿತ್ರ ಬರೆಯಲು ಹೇಳಿದರು. ಇಲ್ಲದ್ದನ್ನು ನೋಡಿದರೆ ಇರುವುದು ಚೆನ್ನಾಗಿ ತಿಳಿಯುತ್ತದಂತೆ.

ನನಗೆ ಸಿಕ್ಕಿದ್ದು ನೂರಾ ಹನ್ನೆರಡನೆಯ ಜಾಡಿ. ಇಲ್ಲಿಯ ಹುಡುಗರು ಅದಕ್ಕೆ ಕಪ್ಪೆರಾಣಿ ಅನ್ನುತ್ತಾರೆ. ಹುಬ್ಬಿನ ಮೇಲೆ ತಲೆಯೇ ಇಲ್ಲ, ಕಣ್ಣು ಹೊರಚಾಚಿವೆ. ಇವಾರ್ ಜಾಡಿಗೆ ಬಾಗಿ, "ರಾಣಿಯವರೇ, ಕುಣಿಯೋಕೆ ಬರ್ತೀರಾ?" ಅಂದ. ನಾನು ನಕ್ಕೆ. ಇದನ್ನು ಬರೆಯಲೇಬೇಕು, ನಾನು ಗಟ್ಟಿಯಾಗಿ ನಕ್ಕೆ. ಒಂದು ಗಂಟೆ ಕೂತು ಚೆನ್ನಾಗಿ ಚಿತ್ರ ಬರೆದೆ, ಪ್ರೊಫೆಸರ್ ಭೇಷ್ ಅಂದರು. ಕೊನೆಗೆ ಚಿತ್ರದ ಅಡಿ ಹೆಸರು ಬರೆಯಲು ಜಾಡಿಗೆ ಕಟ್ಟಿದ ಚೀಟಿ ತಿರುಗಿಸಿದೆ.

"ಅನೆನ್ಸೆಫಾಲಸ್. ಹೆಣ್ಣು. ತುಂಬು ತಿಂಗಳು. ಟೆರ್ನ್‌ಹೋಲ್ಮ್, ಮಾರ್ಚ್ ೧೮೯೬. ಕಳಿಸಿದವರು ಸೂಲಗಿತ್ತಿ ಇ. ವೆಸ್ಟ್‌ಮನ್."

ಆ ಮಾರ್ಚಿನಲ್ಲಿ ನಮ್ಮ ದ್ವೀಪದಲ್ಲಿ ಎಷ್ಟು ಹೆಂಗಸರು ಹೆತ್ತರು? ನನಗಾಗ ಆರು ವರ್ಷ. ಒಲೆಯ ಹಿಂದೆ ಕೂತು ಅಮ್ಮನ ನರಳಾಟ ಕೇಳಿದ್ದೇನೆ. ಬಿಳಿ ಬಟ್ಟೆ ಸುತ್ತಿದ ಗಂಟನ್ನು ನೀವು ನಿಲ್ಸಜ್ಜನ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ನೋಡಿದ್ದೇನೆ. ಆ ಗಂಟಿನಲ್ಲಿ ಏನಿತ್ತು?

ಮುದುಕನ ಕೊಬ್ಬು ಉಗುರಿಗೆ ಅಂಟಿ ಅಸಹ್ಯವಾಯಿತು ಎಂದು ಬರೆದಿದ್ದೆ. ಅದು ಏನೂ ಅಲ್ಲ. ನನ್ನ ನಗು ನೆನೆದರೆ ನನಗೇ ವಾಕರಿಕೆ ಬರುತ್ತದೆ. ನಿಮ್ಮ ಕೈ ನೆನೆದರೆ ಅದಕ್ಕಿಂತ ಹೆಚ್ಚು. ಆ ಕೈಯಲ್ಲಿ ನನಗೆ ಊಟ ಮಾಡಿಸಿದ್ದೀರಿ.

ಟೋರಾ


೧೯ ಜನವರಿ ೧೯೧೩

ಟೋರಾ,

ಸಮುದ್ರ ಹೆಪ್ಪುಗಟ್ಟಲಿಲ್ಲ, ಅದರ ಮೇಲೆ ಟಪಾಲಿನ ಜಾರುಬಂಡಿ ಹೊರಡಲಿಲ್ಲ ಎಂದು ನೆಪ ಹೇಳಬಹುದು. ಹೊರಟಿದ್ದರೂ ಬರೆಯುತ್ತಿರಲಿಲ್ಲ.

ಗಂಟಿನಲ್ಲಿ ಇದ್ದದ್ದು ಬರ್ಚ್ ಮರದ ಕೊರಡು.

ಅದಕ್ಕೂ ಎರಡು ವರ್ಷ ಹಿಂದೆ ಹೆಡ್‌ಬೋಮ್ ಸೂಲಗಿತ್ತಿಯರನ್ನೆಲ್ಲ ಕರೆಸಿ ಭಾಷಣ ಮಾಡಿದ್ದರು. ಇಂಥ ಕೂಸುಗಳನ್ನು ಮಣ್ಣುಪಾಲು ಮಾಡಬೇಡಿ, ನಮಗೆ ಕಳಿಸಿ, ನೋಡದೆ ಕಾರಣ ತಿಳಿಯುವುದು ಹೇಗೆ ಅಂದರು. ಸರಿಯಾದ ಮಾತೇ. ಮಾಲಿನ್‌ಗೆ ಒಂಬತ್ತು ದಿನ ಜ್ವರ, ಮೈಮೇಲೆ ಎಚ್ಚರವಿಲ್ಲ. ಕೂಸನ್ನು ಮೀನಿನ ಪೀಪಾಯಿಯಲ್ಲಿಟ್ಟು ಸಾರಾಯಿ ಹುಯ್ದು ಕಳಿಸಿದೆ. ಅವರಿಂದ ಧನ್ಯವಾದದ ಕಾಗದ ಬಂತು. ಹದಿನಾರು ವರ್ಷದ ಮೇಲೆ ನಿನಗಾಗಿ ಬರೆಯುವಾಗ ಆ ಕಾಗದವನ್ನೇ ನೆನಪಿಸಿದೆ. ಹೌದು, ನಿನ್ನ ಜಾಗ ಸಿಕ್ಕಿದ್ದು ಹಾಗೆ. ತಿಳಿದುಕೋ.

ಜ್ವರ ಬಿಟ್ಟಮೇಲೆ ಅವಳು, "ಹೇಗಿದ್ದಳಕ್ಕಾ?" ಅಂದಳು. "ಗೊಂಬೆ ಕಣೇ, ನಿದ್ದೆ ಮಾಡ್ತಿರೋ ಗೊಂಬೆ" ಅಂದೆ. ಆಗ ಅವಳ ಮುಖದಲ್ಲಿ ಮೂಡಿದ್ದನ್ನು ಕಂಡಮೇಲೆ ಮಾತು ಹಿಂದಕ್ಕೆ ಪಡೆಯಲು ಯಾರಿಗೆ ಸಾಧ್ಯ? ಈಗ ಹೇಳಿದರೆ ಅವಳು ಉಳಿಯುವುದಿಲ್ಲ. ಗಂಡನನ್ನು ಸಮುದ್ರ ನುಂಗಿತು, ಇರುವುದು ಆ ಗೋರಿ ಒಂದೇ. ಅದನ್ನೂ ಕಿತ್ತುಕೊಳ್ಳುತ್ತೀಯಾ? ನನ್ನನ್ನು ಎಷ್ಟು ಬೇಕಾದರೂ ಬೈ. ಅವಳಿಗೆ ಹೇಳಬೇಡ.

ಎಲ್ಫ್ರಿಡಾ


೧೧ ಫೆಬ್ರವರಿ ೧೯೧೩

ದೊಡ್ಡಮ್ಮನವರಿಗೆ,

ಪ್ರೊಫೆಸರರ ಕೋಣೆಗೆ ಹೋಗಿ ಆ ಜಾಡಿ ಕೊಡಿ ಎಂದು ಕೇಳಿದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡರು.

"ಅದು ಪಟ್ಟಿಯಲ್ಲಿರೋ ಮಾದರಿ. ಯಾರ್‍ಯಾರೋ ಕೇಳಿದ್ರೆ ಕೊಡೋಕಾಗುತ್ತೇನಮ್ಮಾ? ಅದರ ತಾಯಿ ಯಾರೋ ಏನೋ, ಅದೂ ನಮಗೆ ಗೊತ್ತಿಲ್ಲ."

"ನನ್ನ ತಾಯಿ, ಸಾರ್," ಅಂದೆ.

ಅವರು ಎದ್ದು ಹೋಗಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು. ಬೆನ್ನು ತಿರುಗಿಸಿಕೊಂಡೇ, "ನಿಮ್ಮ ದೊಡ್ಡಮ್ಮ, ತಾಯಿ ಒಪ್ಪಿದ್ದಾರೆ ಅಂತ ಬರೆದಿದ್ದರು," ಅಂದರು. ತಾಯಿಯೇ ಸಹಿ ಮಾಡಿ ಅರ್ಜಿ ಕೊಟ್ಟರೆ ನೋಡೋಣ ಎಂದರು.

ಒಪ್ಪಿದ್ದಾರೆ ಎಂದು ಬರೆದಿದ್ದಿರಿ. ಈ ಮಾತನ್ನು ನೀವು ನನಗೆ ಹೇಳಿರಲಿಲ್ಲ.

ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅಮ್ಮನಿಗೆ ನೀವೇ ಓದಿ ಹೇಳಬೇಕು. ಮಾರ್ಚ್ ಮುಗಿಯುವುದರೊಳಗೆ ಹೇಳದಿದ್ದರೆ ನಾನು ಬರೆಯುತ್ತೇನೆ. ಅಮ್ಮ ಉಳಿಯುವುದಿಲ್ಲ ಅಂದಿರಿ. ಕೊರಡಿಗೆ ಚಳಿಯಾಗದಿರಲಿ ಎಂದು ಕೊಂಬೆ ಹೊದಿಸುತ್ತಿದ್ದಾಳೆ, ಹಾಗೆ ಉಳಿಯುವುದು ಉಳಿಯುವುದೇ? ಪಾಠಕ್ಕೆ ಹೋಗುತ್ತಿದ್ದೇನೆ. ಹೆಸರುಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತೇನೆ. ಮೊದಲು ಬಾಯಿ ಸ್ವಚ್ಛವಾಗುತ್ತಿತ್ತು. ಈಗ ಒಂದೊಂದು ಪದವೂ ಯಾವುದರ ಮೇಲೋ ಮುಚ್ಚಿದ ಬಟ್ಟೆಯ ಹಾಗೆ ಕಾಣುತ್ತದೆ.

ಟೋರಾ


೨೪ ಮಾರ್ಚ್ ೧೯೧೩

ಟೋರಾ,

ಹೇಳಿದೆ. ನಿನ್ನೆ, ಚರ್ಚಿನಿಂದ ಬಂದಮೇಲೆ, ಅವಳ ಅಡುಗೆಮನೆಯಲ್ಲಿ.

ನಿನಗೂ ಹೇಳದ ಒಂದು ಮಾತನ್ನು ಅವಳಿಗೆ ಹೇಳಬೇಕಾಯಿತು. ಅವಳು ಮೊದಲು ಕೇಳಿದ್ದೇ ಅದು: "ಹುಟ್ಟಿದಾಗ ಅತ್ತಳಾ?" ಅಳಲಿಲ್ಲ. ಆದರೆ ಉಸಿರಿತ್ತು. ಅರ್ಧ ಗಂಟೆ. ಪಾದ್ರಿ ಬರುವಷ್ಟು ಹೊತ್ತು ಉಳಿಯದ ಕೂಸಿಗೆ ಸೂಲಗಿತ್ತಿಯೇ ಹಣೆಗೆ ನೀರು ಹಾಕಿ ಹೆಸರಿಡಬೇಕು, ಅದು ನಿಯಮ. ಬಟ್ಟಲು ಹಿಡಿದು ನಿಂತೆ. ಹಣೆಯಿಲ್ಲದ ಮಗುವಿಗೆ ನೀರು ಎಲ್ಲಿಗೆ ಹಾಕಲಿ? ನನಗೆ ಹೇಸಿಗೆಯಾಯಿತು, ಟೋರಾ. ಕಸ, ಕೀವು, ಹುಳ ಬಿದ್ದ ಹುಣ್ಣು, ಯಾವುದಕ್ಕೂ ಹೇಸದ ನನಗೆ ನನ್ನ ತಂಗಿಯ ಮಗುವನ್ನು ಮುಟ್ಟಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಕೂತೆ, ಉಸಿರು ನಿಲ್ಲುವವರೆಗೆ. ವಿಜ್ಞಾನ ಎಂದು ಆಮೇಲೆ ಹೇಳಿಕೊಂಡೆ. ನನಗೆ ಅದು ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು.

ಮಾಲಿನ್ ಅಳಲಿಲ್ಲ. ನಾನು ಕುಡಿದ ಕಾಫಿಯ ಬಟ್ಟಲನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ತಿಪ್ಪೆಗೆ ಎಸೆದಳು. ಬಾಗಿಲು ತೆರೆದು ನಿಂತಳು. ನಾನು ಹೊರಟುಬಂದೆ.

ಎಲ್ಫ್ರಿಡಾ


೩೦ ಮಾರ್ಚ್ ೧೯೧೩

ಮಗಳೇ,

ಅರ್ಜಿಗೆ ಸಹಿ ಮಾಡಿದ್ದೇನೆ. ನೀರ್ಗಲ್ಲು ಕರಗಿ ಮೊದಲ ಹಡಗು ಬಂದ ದಿನ ಹೊರಟು ಬರುತ್ತೇನೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡು. ಅವಳು ಹೇಗಿದ್ದಾಳೆ ಎಂದು ಬರೆದು ಕಳಿಸು. ಗೊಂಬೆ ಅಂತ ಬರೆಯಬೇಡ, ಅದನ್ನು ಹದಿನಾರು ವರ್ಷ ಕೇಳಿದ್ದೇನೆ. ನೀನು ಕಲಿತ ಪದಗಳೂ ಬೇಡ, ಅವು ನನಗೆ ತಿಳಿಯುವುದಿಲ್ಲ. ಮೀನು ಹೇಗಿತ್ತು ಅಂತ ಕೇಳಿದರೆ ಹೇಗೆ ಹೇಳುತ್ತೀಯೋ ಹಾಗೆ ಹೇಳು. ಇಲ್ಲಿ ಓದಿ, ಬೇಕಾದರೆ ಇಲ್ಲೇ ವಾಂತಿ ಮಾಡಿಕೊಂಡು ಬರುತ್ತೇನೆ. ಅವಳ ಎದುರಿಗೆ ಮೊದಲ ಸಲ ಮುಖ ಸಿಂಡರಿಸಬಾರದು.

ಅಮ್ಮ


೯ ಏಪ್ರಿಲ್ ೧೯೧೩

ಅಮ್ಮಾ,

ಸಂಗ್ರಹಾಲಯದ ಕಾವಲುಗಾರ ಲುಂಡ್‌ವಾಲ್ ಬೀಗ ತೆಗೆದುಕೊಟ್ಟು ಹೊರಗೆ ನಿಂತ. ಒಬ್ಬಳೇ ಕೂತು ಬರೆಯುತ್ತಿದ್ದೇನೆ.

ಬೇಯಿಸಿದ ಮೀನಿನ ಬಣ್ಣ. ಸಾರಾಯಿ ರಕ್ತವನ್ನೆಲ್ಲ ಹೀರಿದೆ. ಹುಬ್ಬಿನ ತನಕ ಮುಖ ಇದೆ. ಅದರ ಮೇಲೆ ಹಣೆ ಇಲ್ಲ, ನೆತ್ತಿ ಇಲ್ಲ. ಮುಚ್ಚಳ ತೆಗೆದ ಹಾಗೆ. ಅಲ್ಲಿ ಕಂದುಬಣ್ಣದ ಮುದ್ದೆಯೊಂದಿದೆ, ಒದ್ದೆ ಪಾಚಿಯಂಥದ್ದು. ನೋಡಲು ಕಷ್ಟ. ನಾನು ಮೂರು ಸಲ ಕಣ್ಣು ಆಚೆ ತಿರುಗಿಸಿದೆ, ಮೂರು ಸಲವೂ ಮತ್ತೆ ನೋಡಿದೆ. ಕಣ್ಣು ದೊಡ್ಡವು, ಹೊರಗೆ ಬಂದಿವೆ, ರೆಪ್ಪೆ ಪೂರ್ತಿ ಮುಚ್ಚಿಲ್ಲ. ಕತ್ತು ಇಲ್ಲವೆನ್ನುವಷ್ಟು ಗಿಡ್ಡ. ನಾಲಿಗೆಯ ತುದಿ ತುಟಿಯ ನಡುವೆ ಕಾಣುತ್ತದೆ. ಕಿವಿ ಮಡಿಚಿಕೊಂಡಿವೆ.

ಅಲ್ಲಿಂದ ಕೆಳಗೆ ಅವಳು ತುಂಬಿಕೊಂಡ ಮಗು. ಭುಜ ಅಗಲ. ಹೊಟ್ಟೆ ಉಬ್ಬಿದೆ. ತೊಡೆಯಲ್ಲಿ ಎರಡೆರಡು ಮಡಿಕೆ. ಬೆರಳಿಗೆಲ್ಲ ಉಗುರು ಬಂದಿವೆ, ಬಲಗೈ ಮುಷ್ಟಿ ಕಟ್ಟಿದೆ. ಕಿರುಬೆರಳು ನಿನ್ನದರಂತೆ ಒಳಕ್ಕೆ ಬಾಗಿದೆ. ಹೊಕ್ಕುಳಬಳ್ಳಿಗೆ ನೀಲಿ ಉಣ್ಣೆಯ ದಾರ ಕಟ್ಟಿದ್ದಾರೆ.

ಅವಳನ್ನು ನೋಡಿ ನಾನು ಒಮ್ಮೆ ನಕ್ಕಿದ್ದೇನೆ, ಅಮ್ಮಾ. ಯಾರೆಂದು ತಿಳಿಯುವ ಮೊದಲು. ಅದನ್ನೂ ತಿಳಿದೇ ಬಾ.

ಟೋರಾ


೨೫ ಮೇ ೧೯೧೩

ದೊಡ್ಡಮ್ಮನವರಿಗೆ,

ಅಮ್ಮ ನಿಮ್ಮೊಡನೆ ಮಾತಾಡುವುದಿಲ್ಲವಾದ್ದರಿಂದ ನಡೆದದ್ದನ್ನು ನಾನು ಬರೆಯುತ್ತಿದ್ದೇನೆ. ತಿಳಿಯುವ ಹಕ್ಕು ನಿಮಗಿದೆಯೋ ಇಲ್ಲವೋ ಗೊತ್ತಿಲ್ಲ. ತಿಳಿಯದೆ ಇರುವ ಸುಖ ಮಾತ್ರ ನಿಮಗೆ ಸಿಗಬಾರದು.

ಅಮ್ಮ ಭಾನುವಾರದ ಕಪ್ಪು ಉಡುಪಿನಲ್ಲಿ ಬಂದಳು. ಜಾಡಿಯ ಮೇಣ ಒಡೆದು ಲುಂಡ್‌ವಾಲ್ ಮುಚ್ಚಳ ತೆಗೆದಾಗ ವಾಸನೆ ಕೋಣೆಯನ್ನೆಲ್ಲ ತುಂಬಿತು. "ಬಿಸಿನೀರು ತನ್ನಿ," ಅಂದಳು. ಮಗುವನ್ನು ಎತ್ತಿದಳು. ಚರ್ಮ ನೆನೆದು ನಿರಿಗೆಗಟ್ಟಿತ್ತು, ಕೈಗೆ ಜಾರುತ್ತಿತ್ತು. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕಕ್ಕೆ ತಿರುಗಿ ತಂದಿಟ್ಟ ನೀರಿಗೇ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು, "ಇನ್ನೊಂದು ಬೋಗುಣಿ ತನ್ನಿ," ಅಂದಳು.

ಪ್ರೊಫೆಸರ್ ಬಾಗಿಲಲ್ಲಿ ನಿಂತಿದ್ದರು. "ತಾಯೀ, ನಿಮ್ಮ ಈ ಮಗುವಿನಿಂದ ಇನ್ನೂರು ಜನ ವೈದ್ಯರು..." ಎಂದು ಶುರುಮಾಡಿದರು.

"ಕೈ ಚೊಕ್ಕಟವಾಗಿದೆಯಾ ನಿಮ್ಮದು?"

"ಹೂಂ... ಯಾಕೆ?"

"ಹಾಗಾದ್ರೆ ಆ ಬಟ್ಟೆ ಹಿಡ್ಕೊಳ್ಳಿ ಬನ್ನಿ. ಸುಮ್ನೆ ನಿಂತು ಮಾತಾಡೋರು ಬೇಡ ಇಲ್ಲಿ."

ಅವರು ಬಂದು ಹಿಡಿದರು. ಅಮ್ಮ ಕಾಲಿನಿಂದ ಶುರುಮಾಡಿ ಮೇಲಕ್ಕೆ ತೊಳೆದಳು, ಬೆರಳ ಸಂದಿ, ಕಂಕುಳು, ಕಿವಿಯ ಮಡಿಕೆ. ಕೊನೆಗೆ ಹುಬ್ಬಿನ ಮೇಲಿನ ಆ ಜಾಗ. ಅಲ್ಲಿ ಅಂಗೈಯಿಂದ ನೀರು ಬಿಟ್ಟು, "ಸಿಗ್ನೆ," ಅಂದಳು. ಅಷ್ಟೇ. ಹೆಣೆದು ತಂದಿದ್ದ ಟೋಪಿ ಹಾಕಿದಳು; ಅದು ನಿಲ್ಲಲಿಲ್ಲ, ಗಲ್ಲದ ಕೆಳಗೆ ದಾರ ಕಟ್ಟಬೇಕಾಯಿತು.

ಆಮೇಲೆ ಪಟ್ಟಿಯ ಪುಸ್ತಕದಲ್ಲಿ ನೂರಾ ಹನ್ನೆರಡರ ಮುಂದೆ ಪ್ರೊಫೆಸರ್ 'ಹಿಂದಿರುಗಿಸಿದೆ' ಎಂದು ಬರೆಯಹೊರಟರು. ಹೆಸರನ್ನೂ ಬರೆಯಿರಿ ಅಂದೆ. ಬರೆದರು.

ನಾನು ಇಲ್ಲಿಯ ಓದು ಬಿಡುವುದಿಲ್ಲ. ಹೇಗೆ ಸಿಕ್ಕ ಜಾಗವೆಂದು ನೆನೆದಾಗಲೆಲ್ಲ ಹೇಸಿಗೆಯಾಗುತ್ತದೆ. ಆಗಲಿ.

ಟೋರಾ


೬ ಜುಲೈ ೧೯೧೩

ಮಗಳೇ,

ಸಿಗ್ನೆಯನ್ನು ಅವಳದೇ ಪೆಟ್ಟಿಗೆಯಲ್ಲಿ, ಚರ್ಚಿನ ತೆಂಕಣ ಗೋಡೆಯ ಬದಿಗೆ ಮಣ್ಣು ಮಾಡಿದ್ದು ನಿನಗೆ ಗೊತ್ತಿದೆ. ಇದು ಅದರ ನಂತರದ್ದು.

ಊರಿಗೆಲ್ಲ ವಿಷಯ ತಿಳಿಯಿತು. ಅಕ್ಕನ ಮನೆಗೆ ಯಾರೂ ಹೋಗುತ್ತಿರಲಿಲ್ಲ. ನಾನೂ ಹೋಗಲಿಲ್ಲ. ಮೊನ್ನೆ ಗುರುವಾರ ಬಲೆ ಹೆಣೆಯುವ ಎಡ್‌ಲುಂಡನ ಸೊಸೆ ಹಿಲ್ಮಾಗೆ ನೋವು ಶುರುವಾಯಿತು. ಚೊಚ್ಚಲು. ಅವಳ ಗಂಡ ಬಾಗಿಲಿಗೆ ಅಡ್ಡ ನಿಂತು, "ಆ ಹೆಂಗಸು ನನ್ನ ಹೊಸ್ತಿಲು ತುಳೀಕೂಡ್ದು. ನನ್ನ ಮಗು ಬಾಟ್ಲೀಲಿ ಹೋಗೋದು ಬೇಡ" ಅಂದ. ಆಚೆ ದಡದ ಸೂಲಗಿತ್ತಿ ಬರಲು ದೋಣಿಯಲ್ಲಿ ಆರು ಗಂಟೆ ಬೇಕು. ಹುಡುಗಿ ಕಿರುಚುತ್ತಿದ್ದದ್ದು ನಮ್ಮ ಅಂಗಳಕ್ಕೇ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಿರುಚುವುದು ನಿಂತಿತು. ನನಗೆ ಭಯವಾಯಿತು.

ಅಕ್ಕನ ಮನೆಗೆ ಹೋದೆ. ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಬೆಳಗಿನಿಂದ ಹಾಗೇ ಕೂತಿದ್ದಳಂತೆ. "ಏಳು," ಅಂದೆ. ಮಾರ್ಚಿನಿಂದೀಚೆ ಅವಳೊಡನೆ ಆಡಿದ ಮೊದಲ ಮಾತು. ದಾರಿಯಲ್ಲಿ ಅವಳ ತೋಳು ನನ್ನ ತೋಳಿಗೆ ತಗಲಿತು, ಮೈಯೆಲ್ಲ ಮುದುಡಿಹೋಯಿತು. ಈಗಲೂ ಹಾಗೇ ಆಗುತ್ತದೆ, ಮಗಳೇ. ಅದು ಹೋಗುತ್ತದೆ ಎಂದು ನಾನು ಕಾಯುತ್ತಿಲ್ಲ.

ಎಡ್‌ಲುಂಡನ ಮಗನಿಗೆ, "ನಾನು ಪಕ್ಕದಲ್ಲೇ ನಿಂತಿರ್ತೀನಪ್ಪಾ. ನನಗಿಂತ ಒಳ್ಳೆ ಕಾವಲು ಬೇಕಾ ನಿನಗೆ?" ಅಂದೆ. ಅವನು ಸರಿದ.

ಒಳಗೆ ಕೈ ತೊಳೆಯುವಾಗ ಅಕ್ಕನ ಕಿವಿಯಲ್ಲಿ ಹೇಳಿದೆ: "ಏನೇ ಬರಲಿ, ಹೇಗೇ ಇರಲಿ, ಮೊದಲು ಅವಳಿಗೆ ತೋರಿಸು." ಅವಳು ತಲೆಯಾಡಿಸಿದಳು.

ಕೂಸಿನ ತಲೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಒಂದೂವರೆ ಗಂಟೆ ಬೇಕಾಯಿತು. ಅಕ್ಕನ ಕೈಯ ಹಾಗೆ ಬೇರೆ ಯಾರ ಕೈಯೂ ಕೆಲಸ ಮಾಡುವುದಿಲ್ಲ, ಅದನ್ನು ಸುಳ್ಳೆನ್ನಲಾರೆ. ಗಂಡು. ತಲೆ ಉದ್ದಕ್ಕೆ ಸೊರೆಕಾಯಿಯ ಹಾಗೆ ಒತ್ತಿಹೋಗಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು, ಮೈತುಂಬ ರಕ್ತ, ಬಿಳಿ ಜಿಡ್ಡು, ಹಸಿರು ಹೊಲಸು. ನಾನು ಒರೆಸುವ ಬಟ್ಟೆ ಚಾಚಿದೆ. ಅಕ್ಕ ತೆಗೆದುಕೊಳ್ಳಲಿಲ್ಲ. ಹಾಗೆಯೇ ಎತ್ತಿ ಹಿಲ್ಮಾಳ ಮುಖದ ಮುಂದೆ ಹಿಡಿದಳು. ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಅಲುಗಲಿಲ್ಲ.

ಹಿಲ್ಮಾ ನೋಡಿದಳು. "ಥೂ, ಎಷ್ಟು ಗಲೀಜಾಗಿದೆಯಮ್ಮಾ ಇದು!" ಅಂದು ಎರಡೂ ಕೈ ಚಾಚಿದಳು.

ಅಮ್ಮ